ಮಕ್ಕಳನ್ನು ಹಿಮದಲ್ಲಿ ಯಾರ ಕೈಗೆ ಕೊಡುವುದು

ಮಸ್ಕತ್ತಿನ ಅಲ್ ಖುವೈರ್‌ನ ಒಂದು ವಿಮಾ ಕಚೇರಿಯಲ್ಲಿ ಕೂತು ಪರರ ಅಪಘಾತಗಳನ್ನು ಓದುವುದು ನನ್ನ ಉದ್ಯೋಗ. ಒಂಟೆಗೆ ಗುದ್ದಿದ ಕಾರು, ಮಳೆ ಬಂದ ದಿನ ವಾದಿ ಎಂಬ ಒಣ ಹೊಳೆಯ ನೀರಿಗಿಳಿದು ತೇಲಿಹೋದ ಕಾರು, ಯಾರೂ ಮುಟ್ಟದೆ ತಾನಾಗಿಯೇ ಹಿಂದಕ್ಕೆ ಉರುಳಿ ಎದುರು ಮನೆಯ ಗೇಟು ಮುರಿದ ಕಾರು. ವರ್ಷಗಟ್ಟಲೆ ಇದನ್ನೇ ಓದಿದವನಿಗೆ ಲೋಕವೆಲ್ಲ ಇನ್ನೂ ಕ್ಲೇಮಿಗೆ ಬಾರದೆ ಉಳಿದ ಅನಾಹುತಗಳ ರಾಶಿಯಂತೆ ಕಾಣುತ್ತದೆ. ಗ್ಯಾಸ್ ಬಂದ್ ಮಾಡಿದ್ದೇನೆಯೇ ಎಂದು ನೋಡಲು ಲಿಫ್ಟಿನಿಂದ ವಾಪಸು ಹತ್ತಿ ಬರುವವನು ನಾನು. ಬಂದ್ ಆಗಿಯೇ ಇರುತ್ತದೆ. ಆದರೂ ಒಮ್ಮೆ ತೆಗೆದು, ಮತ್ತೆ ಬಂದ್ ಮಾಡಿದರೇ ಸಮಾಧಾನ. ಇಂಥವನ ಹೆಂಡತಿಗೆ, ನಲವತ್ತು ತುಂಬುವ ಹೊತ್ತಿಗೆ, ಹಿಮದ ಬೆಟ್ಟದಿಂದ ಜಾರಬೇಕು ಅನಿಸಿತು.

ತಪ್ಪು ದುಬೈಯದ್ದು. ಅಲ್ಲಿನ ಒಂದು ಮಾಲಿನೊಳಗೆ ಹಿಮ ಇದೆ ಎಂದು ಈದ್ ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆವು. ಹೊರಗೆ ಕಾದ ಬಾಣಲೆಯಂಥ ಬಿಸಿಲು, ಒಳಗೆ ಹಲ್ಲು ಕಟಕಟ. ಆರು ವರ್ಷದ ಮಗಳು ರಬ್ಬರ್ ಟ್ಯೂಬಿನ ಮೇಲೆ ಕೂತು ಜಾರಿದಳು. ನಾನು "ನಿಧಾನ, ನಿಧಾನ" ಎನ್ನುತ್ತಾ ಅವಳ ಹಿಂದೆ ಓಡಿ, ಅವಳಿಗಿಂತ ಮೊದಲು ಕೆಳಗೆ ತಲುಪಿದೆ, ಬೆನ್ನಿನ ಮೇಲೆ. ಹೆಂಡತಿ ಮಾತ್ರ ಎಲ್ಲಿ ನಿಂತಿದ್ದಳೋ ಅಲ್ಲೇ ನಿಂತಿದ್ದಳು. ಸೊಂಟದ ಮೇಲೆ ಮೂರು ವರ್ಷದ ಮಗ, ಹೆಗಲಲ್ಲಿ ನಮ್ಮೆಲ್ಲರ ಚೀಲ, ಕೈಯಲ್ಲಿ ಅರ್ಧ ತಿಂದ ಬಿಸ್ಕತ್ತು. ಆಗ ಅವಳದೇ ವಯಸ್ಸಿನ ಒಬ್ಬ ಹೆಂಗಸು ಮೇಲಿನಿಂದ, ಎರಡೂ ಕೈ ಖಾಲಿ, ಸುಮ್ಮನೆ ಎಡಕ್ಕೆ ಬಲಕ್ಕೆ ವಾಲುತ್ತಾ ಅವಳ ಎದುರಿನಿಂದಲೇ ಜಾರಿ ಹೋದಳು. ಯಾರನ್ನೂ ನೋಡಲಿಲ್ಲ, ಯಾರಿಗೂ ಏನನ್ನೂ ಹೇಳಲಿಲ್ಲ.

ಮಸ್ಕತ್ತಿಗೆ ವಾಪಸು ಬರುವ ದಾರಿಯಲ್ಲಿ, ಗಡಿ ದಾಟಿ ಮಕ್ಕಳಿಬ್ಬರೂ ನಿದ್ದೆ ಹೋದ ಮೇಲೆ ಅವಳು ಹೇಳಿದಳು. "ನನಗೆ ಅದು ಕಲೀಬೇಕು. ಸರಿಯಾದ ಬೆಟ್ಟದಲ್ಲಿ."

"ಬಿದ್ರೆ?"

"ಬಿದ್ರೆ ಏಳುದು ಮಾರಾಯ್ರೆ. ನನಗೆ ಬೆಟ್ಟ, ಹಿಮ, ಫೋಟೋ ಯಾವುದೂ ದೊಡ್ಡದಲ್ಲ. ಬೆಳಿಗ್ಗೆ ಹೊತ್ತು ಯಾರೂ ನನ್ನನ್ನು ಕರೀಬಾರದು. ಕರೆದ್ರೂ ನನಗೆ ಕೇಳಬಾರದು. ಅಷ್ಟೇ."

ಅವಳು ಕೆಲಸ ಮಾಡುವುದು ಒಂದು ಹಲ್ಲಿನ ಆಸ್ಪತ್ರೆಯ ಫೋನಿನ ಮುಂದೆ. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಹಲ್ಲುನೋವಿನವರೆಲ್ಲ ಕರೆದು ಅವಳ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಾರೆ. ಆಮೇಲೆ ಮನೆ. ಮನೆಯಲ್ಲಿ ಮೂವರು, ಹಲ್ಲುನೋವು ಇಲ್ಲದೆಯೇ ಕರೆಯುವವರು. ಹಾಗಾಗಿ ಅವಳು ಕೇಳಿದ್ದು ನ್ಯಾಯವೇ. ನ್ಯಾಯ ಎಂದು ಒಪ್ಪಿಕೊಂಡೂ ಅದನ್ನು ಆಗದಂತೆ ಮಾಡುವ ವಿದ್ಯೆ ನನಗೆ ಕಚೇರಿಯಲ್ಲಿ ಚೆನ್ನಾಗಿ ಅಭ್ಯಾಸವಾಗಿದೆ.

ಮೊದಲು ಊರಿನ ಕಡೆಯಿಂದ ಒಪ್ಪಿಗೆ ಬೇಕು. ಗಲ್ಫಿನಲ್ಲಿರುವ ನಮ್ಮವರಿಗೆ ರಜೆ ಎಂದರೆ ಊರು. ಬೇರೆ ಅರ್ಥವೇ ಇಲ್ಲ. ನಮಗೆ ರಜೆ ಸಿಗುವ ದಿನ ನೋಡಿಯೇ ಅಲ್ಲಿ ಮದುವೆಗೆ, ಮನೆ ಒಕ್ಕಲಿಗೆ ಮುಹೂರ್ತ ಇಡುತ್ತಾರೆ. ಬಂದಿಳಿದ ಮರುದಿನದಿಂದ ಹೊರಡುವ ಹಿಂದಿನ ದಿನದವರೆಗೆ ಒಂದೊಂದು ಮನೆಯಲ್ಲಿ ಊಟ ಮಾಡಿ, ಯಾರ ಮನೆಯಲ್ಲೂ ಸಾಕಷ್ಟು ಹೊತ್ತು ಕೂರಲಿಲ್ಲ ಎಂಬ ದೂರು ಹೊತ್ತು ವಾಪಸಾಗುವುದಕ್ಕೆ ರಜೆ ಎಂದು ಹೆಸರು. ಚಳಿಗಾಲದ ರಜೆಗೆ ಈ ಸಲ ಊರಿಗಿಲ್ಲ, ಹಿಮಕ್ಕೆ ಹೋಗುತ್ತೇವೆ ಎಂದು ಫೋನಿನಲ್ಲಿ ಹೇಳಿದಾಗ ಅಮ್ಮ ನೇರವಾಗಿ ಕೇಳಿದರು.

"ಹಿಮ ನೋಡ್ಲಿಕ್ಕೆ ಅಷ್ಟು ದೂರ ಎಂತಕ್ಕೆ? ಮನೆಯಲ್ಲಿ ಫ್ರಿಜ್ ಇಲ್ವಾ?"

"ಅವಳಿಗೆ ಜಾರ್ಲಿಕ್ಕೆ ಕಲೀಬೇಕಂತೆ ಅಮ್ಮ."

"ಅವಳು ಜಾರುವಾಗ ಮಕ್ಕಳನ್ನು ಯಾರು ನೋಡಿಕೊಳ್ಳುದು?"

"ಅಲ್ಲಿ ಅದಕ್ಕೇ ಜನ ಇರ್ತಾರೆ."

"ಗುರುತಿನವರಾ?"

"ಅಲ್ಲ."

"ಮತ್ತೆ?" ಎಂದರು ಅಮ್ಮ.

ಬೈದಿದ್ದರೆ ಮರೆತುಬಿಡುತ್ತಿದ್ದೆ. ಈ "ಮತ್ತೆ?" ಮಾತ್ರ ಚಪ್ಪಲಿಯೊಳಗೆ ಸೇರಿದ ಮರಳಿನ ಹರಳಿನಂತೆ ಎಲ್ಲಿ ಹೋದರೂ ಜೊತೆಗೆ ಬಂತು. ಹೌದಲ್ಲ, ಗುರುತಿಲ್ಲದವರ ಕೈಗೆ ಮಗುವನ್ನು ಕೊಟ್ಟು ಬೆಟ್ಟ ಹತ್ತುವುದೇ?

ಆ ದಿನದಿಂದ ನಾನು ಹುಡುಕಾಟ ಶುರುಮಾಡಿದೆ. ಹುಡುಕಾಟ ಎಂದರೆ, ಸಿಕ್ಕಿದ್ದನ್ನೆಲ್ಲ ಬೇಡ ಎನ್ನಲು ಕಾರಣ ಹುಡುಕುವುದು. ಯುರೋಪಿನ ಬೆಟ್ಟಗಳನ್ನು ನೋಡಿದೆವು. ಅಲ್ಲಿ ಎಲ್ಲವೂ ಇತ್ತು, ವೀಸಾ ಒಂದು ಬಿಟ್ಟು. ವೀಸಾಕ್ಕೆ ಫೋಟೋ ಬೇಕು. ಫೋಟೋದಲ್ಲಿ ಬಾಯಿ ಮುಚ್ಚಿರಬೇಕು, ಕಣ್ಣು ತೆರೆದಿರಬೇಕು. ನನ್ನ ಮಗ ಸ್ಟುಡಿಯೋದಲ್ಲಿ ಬಾಯಿ ತೆರೆದು ಕಣ್ಣು ಮುಚ್ಚಿ ಅತ್ತ. ಮಲಯಾಳಿ ಫೋಟೋದವನು ಗಿಲಕಿ ಅಲ್ಲಾಡಿಸಿದ, ಬೆಕ್ಕಿನಂತೆ ಕೂಗಿದ, ಕೊನೆಗೆ "ಸಾರ್, ಖಲಾಸ್, ನಾಳೆ ಬನ್ನಿ" ಎಂದು ತಾನೇ ಅಂಗಡಿಯಿಂದ ಹೊರಗೆ ಹೋಗಿ ನಿಂತ. ಸಾಲದ್ದಕ್ಕೆ ಆ ಕಡೆಯ ಹೋಟೆಲುಗಳಲ್ಲಿ ವಾರ ಎಂದರೆ ಶನಿವಾರದಿಂದ ಶನಿವಾರ. ನಮಗೆ ಇಲ್ಲಿ ಶುಕ್ರವಾರ, ಶನಿವಾರ ವಾರದ ಕೊನೆ. ಅವರ ವಾರವನ್ನು ನಮ್ಮ ರಜೆಯೊಳಗೆ ಕೂರಿಸಲು ಹೋದರೆ, ದೊಡ್ಡ ಸೂಟ್‌ಕೇಸಿನ ಮುಚ್ಚಳದಂತೆ ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಏಳುತ್ತಿತ್ತು.

ಉಳಿದದ್ದು ಜಾರ್ಜಿಯಾ. ಮಸ್ಕತ್ತಿನಲ್ಲಿ ನಮಗೆ ಗೊತ್ತಿರುವ ಅರ್ಧ ಜನ ಅಲ್ಲಿಗೆ ಹೋಗಿ, ಬಾಡಿಗೆಯ ಕೋಟಿನಲ್ಲಿ ಫೋಟೋ ತೆಗೆಸಿಕೊಂಡು ಬಂದಿದ್ದಾರೆ. ಇಲ್ಲಿನ ರೆಸಿಡೆಂಟ್ ಕಾರ್ಡ್ ಇದ್ದರೆ ವೀಸಾದ ತಂಟೆಯಿಲ್ಲ. ಆದರೆ ಅವರೆಲ್ಲ ಹಿಮದ ಮುಂದೆ ನಿಂತವರು. ಹಿಮದ ಮೇಲೆ ಜಾರಿದವರು ಯಾರೂ ಇಲ್ಲ. ಮಕ್ಕಳನ್ನು ಬಿಡುವ ವ್ಯವಸ್ಥೆಯ ಬಗ್ಗೆ ಕೇಳಿದರೆ, "ಬಿಡುದಾ? ಎಂತಕ್ಕೆ?" ಎನ್ನುವವರು.

ಹೋಟೆಲುಗಳ ಪುಟಗಳನ್ನು ಒಂದೊಂದಾಗಿ ತೆರೆದೆ. ಒಂದರಲ್ಲಿ "ಮಕ್ಕಳ ಕೋಣೆ" ಎಂದು ದೊಡ್ಡದಾಗಿ ಬರೆದಿತ್ತು. ಫೋಟೋದಲ್ಲಿ ಬಣ್ಣದ ಚೆಂಡುಗಳು, ಒಂದು ಟೀವಿ, ಮೂಲೆಯಲ್ಲಿ ಕಾಲು ಮುರಿದ ಪ್ಲಾಸ್ಟಿಕ್ ಕುದುರೆ. ದೊಡ್ಡವರು ಎನ್ನುವವರು ಎಲ್ಲೂ ಕಾಣಲಿಲ್ಲ. ಇನ್ನೊಂದರಲ್ಲಿ ಆಯಾ ನಮ್ಮ ಕೋಣೆಗೇ ಬರುತ್ತಾಳಂತೆ. ಮುಚ್ಚಿದ ಬಾಗಿಲು, ಒಬ್ಬಳೇ ಹೆಂಗಸು, ಅವಳಿಗೆ ತಲೆ ತಿರುಗಿ ಬಿದ್ದರೆ? ಮತ್ತೊಂದರಲ್ಲಿ ಪುಟ್ಟ ಮಕ್ಕಳನ್ನು ಒಂದು ಹಗ್ಗಕ್ಕೆ ಸಾಲಾಗಿ ಹಿಡಿಸಿ ಹಿಮದಲ್ಲಿ ನಡೆಸುವ ಚಿತ್ರ ಇತ್ತು. ಎಲ್ಲರೂ ನಗುತ್ತಿದ್ದರು. ಸಾಲಿನ ಕೊನೆಯ ಮಗು ಹಗ್ಗ ಬಿಟ್ಟರೆ ಯಾರು ನೋಡುತ್ತಾರೆ ಎಂದು ನಾನು ಹೆಂಡತಿಯನ್ನು ಕೇಳಿದೆ.

"ನೀವು ಇದ್ದೀರಲ್ಲ, ಇಲ್ಲಿಂದಲೇ ನೋಡ್ತಾ ಇದ್ದೀರಿ," ಎಂದಳು.

ಕೊನೆಗೆ ಅವಳೇ ಒಂದನ್ನು ಹಿಡಿದು ತಂದಳು. ಜಾರುವ ಇಳಿಜಾರಿನ ಬುಡದಲ್ಲೇ ಒಂದು ಸಣ್ಣ ಹೋಟೆಲು. ಅದಕ್ಕೆ ಅಂಟಿಕೊಂಡು ದೊಡ್ಡ ಗಾಜಿನ ಕಿಟಕಿಯ ಮಕ್ಕಳ ಮನೆ. ಮಗಳಿಗೆ ಪುಟಾಣಿಗಳ ಸ್ಕೀ ತರಗತಿ, ಮಗನಿಗೆ ಒಳಗೆ ಆಟ, ಊಟ, ನಿದ್ದೆ. ನಡೆಸುವವಳು ಒಬ್ಬ ಟೀಚರು, ಕೈಕೆಳಗೆ ಇನ್ನೂ ಇಬ್ಬರು ಹುಡುಗಿಯರು. ಒಂದೇ ಷರತ್ತು, ಮಗು ಡಯಪರ್ ಬಿಟ್ಟಿರಬೇಕು.

"ಬಿಟ್ಟಿದ್ದಾನಲ್ಲ," ಎಂದಳು ಹೆಂಡತಿ. "ಬುಕ್ ಮಾಡಿ."

ಬಿಟ್ಟಿದ್ದ, ನಿಜ. ಆದರೆ ಕಮೋಡಿನ ಪಕ್ಕದ ಪಿಚಕಾರಿಯಿಂದ ನೀರು ಹಾಕಿ ತೊಳೆದರೆ ಮಾತ್ರ ಏಳುವವನು. ಕಾಗದ ತೋರಿಸಿದರೆ ಅದರಲ್ಲಿ ವಿಮಾನ ಮಾಡಿಕೊಡು ಎನ್ನುವವನು. ಆ ದೇಶದಲ್ಲಿ ಪಿಚಕಾರಿ ಉಂಟೋ ಇಲ್ಲವೋ? ಈ ವಿಷಯವನ್ನು ಗುರುತಿಲ್ಲದ ಪರದೇಶದ ಹೆಂಗಸಿಗೆ ಇಂಗ್ಲಿಷಿನಲ್ಲಿ ಗೌರವವಾಗಿ ಬರೆಯುವುದಕ್ಕೆ ನನಗೆ ಒಂದು ಇಡೀ ಮಧ್ಯಾಹ್ನ ಹಿಡಿಯಿತು. ಅಷ್ಟು ಕಷ್ಟಪಟ್ಟು ಬರೆದ ಮೇಲೆ ಒಂದೇ ಪ್ರಶ್ನೆ ಕಳಿಸಿದರೆ ನಷ್ಟ ಎಂದು ಇನ್ನೂ ಕೆಲವು ಸೇರಿಸಿದೆ. ಅನ್ನವನ್ನು ಕೈಯಲ್ಲಿ ಕಲಸಿ ತಿನ್ನಿಸುವವರು ಯಾರಾದರೂ ಇದ್ದಾರೆಯೇ? ಕಿಟಕಿಯ ಗಾಜು ದಪ್ಪವೇ? ಹಿಮ ಬೆಟ್ಟದಿಂದ ಒಟ್ಟಾಗಿ ಕುಸಿದರೆ ಮಕ್ಕಳ ಮನೆ ಯಾವ ದಿಕ್ಕಿಗೆ ಬರುತ್ತದೆ? ಮಗು ಅತ್ತರೆ ಎಷ್ಟು ಹೊತ್ತಿನ ನಂತರ ಅದನ್ನು ಅಳು ಎಂದು ಪರಿಗಣಿಸುತ್ತೀರಿ?

ಆ ಟೀಚರಿನ ಮೊದಲ ಉತ್ತರ ಉದ್ದವಾಗಿತ್ತು, ನಗುಮುಖದ ಚಿಹ್ನೆಗಳೂ ಇದ್ದವು. ನೀರಿನ ವ್ಯವಸ್ಥೆ ಇದೆ, ಜಗ್ಗಿನಲ್ಲಿ ತೊಳೆಯುತ್ತೇವೆ, ಗಲ್ಫಿನಿಂದ ಬರುವ ಎಷ್ಟೋ ಮಕ್ಕಳನ್ನು ನೋಡಿದ್ದೇವೆ ಎಂದು ಬರೆದಿದ್ದಳು. ಎರಡನೆಯ ಉತ್ತರದಲ್ಲಿ ನಗುಮುಖ ಇರಲಿಲ್ಲ. ಮೂರನೆಯದರಲ್ಲಿ ನನ್ನ ಪ್ರಶ್ನೆಗಳ ಪಕ್ಕದಲ್ಲಿ "ಹೌದು", "ಇಲ್ಲ", "ಹೌದು" ಎಂದಷ್ಟೇ. ನಾಲ್ಕನೆಯದು ಒಂದೇ ಸಾಲು. "ಸಾರ್, ಮಕ್ಕಳು ಇಲ್ಲಿ ಸಂತೋಷವಾಗಿರುತ್ತಾರೆ."

"ನೋಡಿದ್ಯಾ, ಉತ್ತರ ಕೊಡದೆ ಜಾರಿಕೊಳ್ತಾ ಇದ್ದಾಳೆ," ಎಂದೆ.

"ಅವಳಿಗೂ ಯಾರೂ ಕರೀಬಾರದು ಅನಿಸಿರಬೇಕು," ಎಂದಳು ಹೆಂಡತಿ.

ಈ ಗಲಾಟೆಯ ನಡುವೆ ಒಂದು ಸಂಜೆ ಕೆಳಗಿನ ಮನೆಯ ಅಕ್ಕ ತಿಂಡಿಯ ಡಬ್ಬಿ ಹಿಡಿದುಕೊಂಡು ಬಂದರು. ಬಂಟ್ವಾಳದ ಕಡೆಯ ಬ್ಯಾರಿ ಮನೆತನ. ಗಂಡನಿಗೆ ಬಟ್ಟೆಯ ವ್ಯಾಪಾರ. ನಮ್ಮ ಮಕ್ಕಳು ಹುಟ್ಟಿದಂದಿನಿಂದ ಅರ್ಧ ಬೆಳೆದದ್ದು ಇವರ ಮನೆಯ ಸೋಫಾದ ಮೇಲೆ. ನಾವಿಬ್ಬರೂ ಕೆಲಸದಲ್ಲಿದ್ದಾಗ ಶಾಲೆಯ ವ್ಯಾನಿನಿಂದ ಇಳಿಸಿಕೊಳ್ಳುವವರೂ ಇವರೇ. ಇವರನ್ನು ನಾನು ಒಂದು ಪ್ರಶ್ನೆಯನ್ನೂ ಕೇಳಿದವನಲ್ಲ, ಕಿಟಕಿಯ ಗಾಜು ಮುಟ್ಟಿ ನೋಡಿದವನೂ ಅಲ್ಲ.

"ಎಂತ ಅಣ್ಣಾ, ಲ್ಯಾಪ್‌ಟಾಪಿಗೆ ಬೈತಾ ಇದ್ದೀರಿ?"

ವಿಷಯ ಹೇಳಿದೆ. ಅವರು ಬಾಯಿಗೆ ಸೆರಗು ಅಡ್ಡ ಹಿಡಿದು ಕೇಳಿದರು. ನಗು ಬಂದಾಗ ಅವರು ಹಾಗೆ ಮಾಡುವುದು.

"ಒಟ್ಟು ಇಬ್ಬರೂ ಜಾರುದಾ?"

"ಛೆ ಛೆ, ನಾನೆಲ್ಲಿ? ನನ್ನ ಮೊಣಕಾಲು ಮೊದಲೇ ಸರಿಯಿಲ್ಲ. ಜಾರುದು ಇವಳು."

"ಆಗ ನೀವು ಎಂತ ಮಾಡುದು?"

"ನಾನು ಕೆಳಗೆ ಕೂತು ಕಾಫಿ ಕುಡೀತಾ..."

"ಓ," ಎಂದರು ಅಕ್ಕ. ಮಗನನ್ನು ಎತ್ತಿ ತೊಡೆಯ ಮೇಲೆ ಕೂರಿಸಿಕೊಂಡು ಅವನ ಮೂಗು ಒರೆಸಿದರು. "ಕಾಫಿ ಕುಡಿಯುವವರಿಗೆ ಇವನನ್ನು ಹಿಡ್ಕೊಳ್ಳಿಕ್ಕೆ ಆಗುದಿಲ್ವಾ?"

ನಂಬುವವರು ನಂಬಿ, ಅಷ್ಟು ದಿನ ಹೋಟೆಲು ಹೋಟೆಲು ತಿರುಗಿದ ನನಗೆ ಇದು ಒಮ್ಮೆಯೂ ಹೊಳೆದಿರಲಿಲ್ಲ. ಮಕ್ಕಳನ್ನು ಯಾರ ಬಳಿ ಬಿಡಬಹುದು ಎಂದು ನಮ್ಮ ಕಡೆಯ ಗಂಡಸರನ್ನು ಕೇಳಿ ನೋಡಿ. ಅಜ್ಜಿ, ದೊಡ್ಡಮ್ಮ, ಅತ್ತಿಗೆ, ಪಕ್ಕದ ಮನೆಯವರು, ಕೊನೆಗೆ ಮದುವೆಯಾಗದ ಚಿಕ್ಕಪ್ಪನ ಹೆಸರಾದರೂ ಬಂದೀತು. ಅಪ್ಪ ಎನ್ನುವವನು ಮಗುವನ್ನು ಬಿಡುವ ಜಾಗವಲ್ಲ, ಬಿಟ್ಟು ಬರಲು ಕಾರು ಓಡಿಸುವವನು.

ನಾನು ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, ದೇಶಕ್ಕೆ ಏನೋ ದಾನ ಕೊಡುವವನಂತೆ ಹೇಳಿದೆ. "ಸರಿ. ಮಗನನ್ನು ನಾನೇ ನೋಡಿಕೊಳ್ತೇನೆ. ಮಕ್ಕಳ ಮನೆಯೇ ಬೇಡ."

ಹೆಂಡತಿಯ ಕಣ್ಣಲ್ಲಿ ನೀರು ಬರಬಹುದು ಎಂದು ಸ್ವಲ್ಪ ಕಾದೆ. ಅವಳು ಡಬ್ಬಿಯನ್ನು ಖಾಲಿ ಮಾಡಿ ತೊಳೆದು ಅಕ್ಕನ ಕೈಗೆ ಕೊಟ್ಟಳು. ಆಮೇಲೆ ಹೇಳಿದಳು.

"ಬೇಡ."

"ಬೇಡವಾ?"

"ನಿಮ್ಮ ಹತ್ರ ಬಿಟ್ರೆ ನಾನು ಬೆಟ್ಟದ ಮೇಲೆಯೂ ಒಂದು ಕೈಯಲ್ಲಿ ಫೋನ್ ಹಿಡ್ಕೊಂಡೇ ಜಾರ್ಬೇಕು. ಅವನ ಸಾಕ್ಸ್ ಎಲ್ಲಿ, ಅವನಿಗೆ ಹಸಿವಾ ನಿದ್ದೆಯಾ, ಸ್ವಲ್ಪ ಇಳಿದು ಬಾ. ಗುರುತಿಲ್ಲದವರಾದ್ರೆ ಅವರಷ್ಟಕ್ಕೆ ನೋಡಿಕೊಳ್ತಾರೆ."

ಒಬ್ಬ ತಂದೆಗೆ, ಅದೂ ಕೆಳಗಿನ ಮನೆಯವರ ಎದುರು, ಇದಕ್ಕಿಂತ ದೊಡ್ಡ ಅವಮಾನ ಬೇಕೇ? ಒಂದು ದಿನ ಬಿಟ್ಟು ನೋಡು ಎಂದೆ. ಬಿಡ್ತೇನೆ ಎಂದಳು. ಅಕ್ಕನ ಮೈದುನನ ಅಂಗಡಿ ಕಡಲ ದಂಡೆಯ ಊರಾದ ಸಹಮ್‌ನಲ್ಲಿದೆ. ಬರುವ ಶುಕ್ರವಾರ ಅಕ್ಕ ಅಲ್ಲಿಗೆ ಹೊರಟಿದ್ದರು. "ಯಲ್ಲಾ, ನೀನೂ ಬಾ," ಎಂದು ಅವರು ಹೆಂಡತಿಯನ್ನು ಕರೆದೇಬಿಟ್ಟರು. ಹೀಗೆ ಒಂದೇ ಏಟಿಗೆ ನನ್ನ ಮಕ್ಕಳನ್ನು ನೋಡಿಕೊಳ್ಳುವ ಮೇಲಿನ ಮನೆ, ಕೆಳಗಿನ ಮನೆ ಎರಡೂ ಬಂದ್ ಆದವು.

ಶುಕ್ರವಾರ ಅವರ ಕಾರು ಕಟ್ಟಡದ ಮೂಲೆ ತಿರುಗುವವರೆಗೆ ಮಗ ಸುಮ್ಮನಿದ್ದ. ಆಮೇಲೆ ಹಾಲು ಬೇಕೆಂದ. ಕೊಟ್ಟೆ. ಇದರಲ್ಲಿ ಬೇಡ, ಆ ಲೋಟದಲ್ಲಿ ಎಂದ. ಯಾವ ಲೋಟ? ಆ ಲೋಟ. ನಾನು ಅಡುಗೆಮನೆಯ ಲೋಟಗಳನ್ನೆಲ್ಲ ನೆಲದ ಮೇಲೆ ಸಾಲಾಗಿ ಇಟ್ಟೆ, ಪೊಲೀಸರು ಆರೋಪಿಗಳನ್ನು ನಿಲ್ಲಿಸಿದಂತೆ. ಅವನು ಒಂದೊಂದನ್ನೂ ನೋಡಿ ತಲೆ ಅಲ್ಲಾಡಿಸಿದ. ಹೆಂಡತಿಗೆ ಫೋನ್ ಮಾಡಿದೆ. ಇದು ಕರೆ ಅಲ್ಲ, ಬರೀ ಮಾಹಿತಿ ಎಂದು ನನಗೆ ನಾನೇ ಹೇಳಿಕೊಂಡೆ.

"ನೀಲಿ ಮುಚ್ಚಳದ್ದು, ಸಿಂಕಿನ ಹಿಂದೆ," ಎಂದಳು. ಅವರು ಇನ್ನೂ ಹೆದ್ದಾರಿ ಹತ್ತಿರಲಿಲ್ಲ.

ಆಮೇಲೆ ಮಗಳು ಅನ್ನಕ್ಕೆ ಕೂತಳು. "ದಿಸ್ ಈಸ್ ನಾಟ್ ಅಮ್ಮಾಸ್ ಸಾರು," ಎಂದಳು. ಅಮ್ಮನದೇ, ಫ್ರಿಜ್ಜಿನಿಂದ ತೆಗೆದದ್ದು. "ಯೂ ಹೀಟೆಡ್ ಇಟ್ ರಾಂಗ್, ಪಪ್ಪಾ." ಸಾರನ್ನು ತಪ್ಪಾಗಿ ಬಿಸಿ ಮಾಡುವುದು ಹೇಗೆ ಎಂದು ನನಗೆ ಈಗಲೂ ಗೊತ್ತಿಲ್ಲ. ಫೋನ್ ಮಾಡಬಾರದೆಂದು ವಾಟ್ಸ್ಯಾಪ್ ಮಾಡಿದೆ. ಉತ್ತರ ಬಂತು. ಮಗ ಬಚ್ಚಲಿಗೆ ಹೋಗಿ ಬಾಗಿಲಿನ ಚಿಲಕ ಹಾಕಿಕೊಂಡ. ಅವನ ಕೈಗೆ ಅದು ಎಟಕುತ್ತದೆ ಎಂಬುದೇ ನನಗೆ ತಿಳಿದಿರಲಿಲ್ಲ. ಮತ್ತೆ ಫೋನ್. "ಬಾಗಿಲು ಬಡೀಬೇಡಿ. ಹೊರಗೆ ಬಿಸ್ಕತ್ತಿನ ಪ್ಯಾಕೆಟ್ ಹರೀರಿ, ಆ ಸದ್ದು ಸಾಕು," ಎಂದಳು. ಹರಿದೆ. ಚಿಲಕ ತೆರೆಯಿತು. ಇಂಥ ವಿದ್ಯೆಯನ್ನು ಇವಳು ನನಗೆ ಯಾಕೆ ಮೊದಲೇ ಹೇಳಿರಲಿಲ್ಲ ಎಂದು ಸಿಟ್ಟು ಬಂತು. ಕೇಳಲು ಇನ್ನೊಮ್ಮೆ ಫೋನ್ ಮಾಡಿದೆ.

ಈ ಸಲ ಎತ್ತಿದವರು ಅಕ್ಕ. ಹಿಂದೆ ಗಾಳಿಯ ಸದ್ದು, ಕಡಲಿನ ಹತ್ತಿರ ಇದ್ದರೇನೋ.

"ಎಂತ ಅಣ್ಣಾ? ಬೆಂಕಿ ಹತ್ತಿತಾ?"

"ಇಲ್ಲ."

"ರಕ್ತ ಬಂತಾ?"

"ಇಲ್ಲಕ್ಕಾ."

"ಹಾಗಾದ್ರೆ ಇಡಿ ಮಾರಾಯ್ರೆ. ಅವಳು ಈಗಷ್ಟೇ ಚಪ್ಪಲಿ ಬಿಚ್ಚಿ ನೀರಿಗೆ ಇಳಿದದ್ದು. ನಿಮ್ಮ ಫೋನ್ ಬಂತು ಅಂತ ಪಾಪ ಓಡಿ ಬರ್ತಾ ಇದ್ದಾಳೆ."

ಇಟ್ಟೆ. ಆಮೇಲೆ ಮಾಡಲಿಲ್ಲ. ಮಾಡಬೇಕಾಗಿಯೂ ಬರಲಿಲ್ಲ. ಮಕ್ಕಳಿಬ್ಬರೂ ಲೋಟಗಳನ್ನು ಸಾಲಾಗಿಟ್ಟು ಅಂಗಡಿ ಆಟ ಆಡಿದರು. ನಾನು ಗಿರಾಕಿ. ಎಲ್ಲ ಲೋಟವನ್ನೂ ಕೊಂಡುಕೊಂಡೆ.

ಸಂಜೆ ಅವಳು ಬಂದಾಗ ಮುಖ ಬಿಸಿಲಿಗೆ ಕೆಂಪಾಗಿತ್ತು, ಕೈಯಲ್ಲಿ ಐಸಿನ ಪೆಟ್ಟಿಗೆಯಲ್ಲಿ ಅಂಜಲ್ ಮೀನು. ಮನೆಯನ್ನೊಮ್ಮೆ ನೋಡಿದಳು. ಮಕ್ಕಳಿಗೆ ಹೊಟ್ಟೆ ತುಂಬಿತ್ತು, ಸ್ನಾನವೂ ಆಗಿತ್ತು. ಮಗನ ಚಡ್ಡಿ ಹಿಂದುಮುಂದಾಗಿತ್ತು ಅಷ್ಟೇ. ನಾನು ಗೆದ್ದೆ ಎಂದೇ ತಿಳಿದಿದ್ದೆ.

"ನೋಡು, ಒಂದು ಗೀರು ಇಲ್ಲ," ಎಂದೆ.

"ಹೌದು, ಚೆನ್ನಾಗಿ ನೋಡಿಕೊಂಡಿದ್ದೀರಿ." ಮೀನನ್ನು ಸಿಂಕಿಗೆ ಹಾಕಿದಳು. "ಆದ್ರೆ ನಾನು ಸಹಮ್‌ನಲ್ಲಿ ಇರಲಿಲ್ಲ. ಇಲ್ಲೇ ಇದ್ದೆ."

ನಾನು ಸಮರ್ಥನೆಗೆ ಬಾಯಿ ತೆರೆದೆ. ಅವಳು ನಲ್ಲಿ ಜೋರು ಮಾಡಿದಳು. ನಮ್ಮ ಮನೆಯಲ್ಲಿ ನಲ್ಲಿ ಜೋರಾಯಿತು ಎಂದರೆ ಮಾತು ಮುಗಿಯಿತು.

ಆ ವಾರವೆಲ್ಲ ಅವಳು ಹಿಮದ ಮಾತು ತೆಗೆಯಲಿಲ್ಲ. ಜಗಳವಾಡಿದ್ದರೆ ನನಗೆ ಹಿತವಾಗಿರುತ್ತಿತ್ತು. ಒಂದು ದಿನ ಕಚೇರಿಯಿಂದ ಬಂದಾಗ ಅವಳ ಫೋನಿನಲ್ಲಿ ಮಂಗಳೂರಿನ ವಿಮಾನದ ಪುಟ ತೆರೆದಿತ್ತು.

"ಇದು ಎಂತ?"

"ಊರಿಗೇ ಹೋಗುವ. ಅಮ್ಮನಿಗೂ ಖುಷಿ, ನಿಮಗೂ ನಿದ್ದೆ ಬರ್ತದೆ. ನಾನು ಇನ್ನು ಕೇಳುದಿಲ್ಲ ಮಾರಾಯ್ರೆ, ನನಗೆ ಸಾಕಾಯ್ತು."

ಹೇಳಿದ್ದು ಶಾಂತವಾಗಿ. ಆಸ್ಪತ್ರೆಯಲ್ಲಿ ರೋಗಿಗಳಿಗೆ "ಡಾಕ್ಟರು ಈ ವಾರ ಸಿಗುವುದಿಲ್ಲ" ಎಂದು ಹೇಳುವ ಅದೇ ಸ್ವರದಲ್ಲಿ. ಊರಿಗೆ ಹೋದರೆ ಏನಾಗುತ್ತದೆ ಎಂದು ನನಗೆ ಗೊತ್ತು. ಅಲ್ಲಿ ಅವಳನ್ನು ಕರೆಯುವವರು ಇನ್ನೂ ಹೆಚ್ಚು. ಸೊಸೆಯಾಗಿ, ಅತ್ತಿಗೆಯಾಗಿ, ಗಲ್ಫಿನವಳಾಗಿ. ಅಡುಗೆಮನೆಯಿಂದ ಜಗಲಿಗೆ, ಜಗಲಿಯಿಂದ ಅಡುಗೆಮನೆಗೆ. ಅಲ್ಲಿ ನಾನು ಊಟ ಮುಗಿಸಿ ಮಲಗಿರುತ್ತೇನೆ.

ಮರುದಿನ ಕಚೇರಿಯಲ್ಲಿ ಒಬ್ಬನ ಕಾರಿಗೆ ನಿಂತ ಲಾರಿ ಹೊಡೆದ ಕತೆಯನ್ನು ಓದುತ್ತಿದ್ದಾಗ ಆ ಮಕ್ಕಳ ಮನೆಯ ಟೀಚರು ಬರೆದಳು. ನಮ್ಮ ರಜೆಯ ವಾರಕ್ಕೆ ಸಣ್ಣ ಮಕ್ಕಳ ಜಾಗ ಒಂದೇ ಉಳಿದಿದೆ, ಬೇಕೋ ಬೇಡವೋ ಹೇಳಿ, ಇನ್ನು ಪ್ರಶ್ನೆ ಬೇಡ. ಕೊನೆಯ ಮಾತನ್ನು ಅವಳು ಹಾಗೆ ಬರೆದಿರಲಿಲ್ಲ, "ನಿಮ್ಮ ಎಲ್ಲ ಪ್ರಶ್ನೆಗಳಿಗೂ ಉತ್ತರಿಸಿದ್ದೇವೆಂದು ನಂಬುತ್ತೇವೆ" ಎಂದಿದ್ದಳು. ಎರಡೂ ಒಂದೇ.

ನನ್ನ ಬಳಿ ಇನ್ನೊಂದು ಪ್ರಶ್ನೆ ತಯಾರಿತ್ತು. ಒಲೆ ಕರೆಂಟಿನದ್ದೋ ಗ್ಯಾಸಿನದ್ದೋ ಎಂದು. ಟೈಪ್ ಕೂಡ ಮಾಡಿದೆ. ಆಮೇಲೆ ಒಂದೊಂದೇ ಅಕ್ಷರ ಅಳಿಸಿದೆ. ಇದರಲ್ಲಿ ಧೈರ್ಯವೇನೂ ಇರಲಿಲ್ಲ. ಹಿಮ ಕುಸಿಯುವ ಭಯಕ್ಕಿಂತ, ಇವಳು ಇನ್ನು ಏನನ್ನೂ ಕೇಳದೇ ಇದ್ದುಬಿಟ್ಟರೆ ಎಂಬ ಭಯ ದೊಡ್ಡದಾಗಿತ್ತು. ನನ್ನಂಥವನಿಗೆ ಒಂದು ಭಯವನ್ನು ಇಳಿಸಲು ಇನ್ನೊಂದು ಭಯವೇ ಬೇಕು.

ಬುಕ್ ಮಾಡುವ ಪುಟ ತೆರೆದೆ. ಹೆಸರು, ವಯಸ್ಸು, ಅಲರ್ಜಿ. ಕೊನೆಯಲ್ಲಿ ಮಗುವಿನ ವಿಷಯಕ್ಕೆ ಯಾರನ್ನು ಕರೆಯಬೇಕು, ಒಂದೇ ನಂಬರು ಕೊಡಿ ಎಂದಿತ್ತು. ಬೆರಳು ತಾನಾಗಿಯೇ ಅವಳ ನಂಬರನ್ನು ಒತ್ತಿತು. ಶಾಲೆಯಲ್ಲಿ ಇರುವುದು ಅವಳ ನಂಬರು. ವ್ಯಾನಿನ ಡ್ರೈವರಿನ ಬಳಿ, ಮಕ್ಕಳ ಡಾಕ್ಟರ ಬಳಿ, ಕಟ್ಟಡದ ವಾಚ್‌ಮನ್ ಬಳಿ, ಎಲ್ಲ ಕಡೆ ಅವಳದ್ದೇ. ನನ್ನ ನಂಬರು ಇರುವುದು ಕಾರು ಗುದ್ದಿಕೊಂಡವರ ಬಳಿ ಮಾತ್ರ. ಅಳಿಸಿ ನನ್ನದನ್ನು ಹಾಕಿದೆ. ಹಾಕಿದ ಮೇಲೆ ಒಂದು ಅಂಕಿ ತಪ್ಪಾಗಿದೆಯೇ ಎಂದು ಮತ್ತೆ ಮತ್ತೆ ನೋಡಿದೆ. ಆಮೇಲೆ ಒತ್ತಿದೆ.

ಮನೆಗೆ ಬಂದು ಹೇಳಿದಾಗ ಅವಳು ನಂಬಲಿಲ್ಲ. ಫೋನ್ ಕಿತ್ತುಕೊಂಡು ಕೊನೆಯ ಸಾಲಿನವರೆಗೆ ಓದಿದಳು. ಕೊನೆಯ ಸಾಲಿನಲ್ಲಿ ಸ್ವಲ್ಪ ನಿಂತಳು.

"ಯಾರ ನಂಬರು ಇದು?"

"ನನ್ನದೇ."

"ಎತ್ತುತ್ತೀರಾ?"

"ಎತ್ತದೆ ಇದ್ರೆ ಹಿಮ ಕುಸಿದದ್ದು ನನಗೆ ಹೇಗೆ ಗೊತ್ತಾಗುದು?"

ಅವಳು ನಕ್ಕಳೋ ಇಲ್ಲವೋ, ಮುಖ ಆಚೆ ಇತ್ತು. ಸ್ವಲ್ಪ ಮಲಗುತ್ತೇನೆ ಎಂದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಮಕ್ಕಳು ಟೀವಿಯ ಮುಂದೆ ಇದ್ದರು.

ಅಷ್ಟರಲ್ಲೇ ನನ್ನ ಫೋನ್ ಬಡಿದುಕೊಳ್ಳಲು ಶುರುವಾಯಿತು. ಟೀಚರು ಈಗ ಮಾತುಗಾತಿಯಾಗಿದ್ದಳು. ನನ್ನ ಹಿಂದಿನ ಪ್ರಶ್ನೆಗಳ ಸೇಡನ್ನೆಲ್ಲ ಒಟ್ಟಿಗೆ ತೀರಿಸುವವಳಂತೆ ಒಂದರ ಹಿಂದೆ ಒಂದು ಪ್ರಶ್ನೆ. ಮಗು ಯಾವ ಹಾಡಿಗೆ ಮಲಗುತ್ತದೆ? ಬಲಗೈಯೋ ಎಡಗೈಯೋ? ಕತ್ತಲೆಗೆ ಹೆದರುತ್ತದೆಯೇ? ಹಿಮದ ಬೂಟು ತೆಗೆದಿಡಬೇಕು, ಪಾದದ ಅಳತೆ ಎಷ್ಟು?

ನಾನು ಮುಚ್ಚಿದ ಬಾಗಿಲ ಮುಂದೆ ನಿಂತೆ.

"ಓಯ್, ಇವನ ಕಾಲಿನ ಅಳತೆ ಎಷ್ಟು?"

ಬಾಗಿಲನ್ನು ಬೆರಳಿನಿಂದ ತಟ್ಟಿದೆ.

"ಕೇಳ್ತಾ? ಆ ಟೀಚರು ಕೇಳ್ತಾ ಇದ್ದಾಳೆ."

"ಅವಳು ಯಾರನ್ನು ಕೇಳಿದ್ದು?"

"ನನ್ನನ್ನು."

"ಹಾಗಾದ್ರೆ ಹೇಳಿ," ಎಂದಿತು ಬಾಗಿಲು.

ಮಗಳ ಸ್ಕೂಲ್ ಬ್ಯಾಗಿನಿಂದ ಸ್ಕೇಲು ತೆಗೆದುಕೊಂಡೆ. ಮಗನ ಮುಂದೆ ಕೈಯೂರಿ ನೆಲದ ಮೇಲೆ ಕೂತಾಗ ಮೊಣಕಾಲು ಟಕ್ ಎಂದಿತು. ಅವನ ಪಾದವನ್ನು ಕಾಗದದ ಮೇಲೆ ಇಟ್ಟೆ. ಅವನು ಟೀವಿಯಿಂದ ಕಣ್ಣು ತೆಗೆಯದೆ ಬೆರಳುಗಳನ್ನು ಮಡಚಿದ. ಬಿಡಿಸಿದೆ. ಮಡಚಿದ.

"ಕಾಲು ಚಾಚು ಮಗಾ."

"ವೈ?"

"ಹಿಮದಲ್ಲಿ ಬೂಟು ಸರಿಯಾಗಬೇಕಲ್ಲ."

"ಅಮ್ಮ ನೋಸ್," ಎಂದ.

"ಅಮ್ಮನಿಗೆ ಗೊತ್ತುಂಟು. ಈಗ ನನಗೂ ಗೊತ್ತಾಗ್ಬೇಕು. ಚಾಚು."

ಚಾಚಿದ. ಪೆನ್ಸಿಲ್ ಹಿಡಿದು ಹಿಮ್ಮಡಿಯಿಂದ ಗೆರೆ ಎಳೆಯಲು ಶುರುಮಾಡಿದೆ. ಕಚಗುಳಿಯಾಗಿ ಅವನು ಜೋರಾಗಿ ನಕ್ಕು ಕಾಲು ಝಾಡಿಸಿದ, ಗೆರೆ ಕಾಗದ ಬಿಟ್ಟು ನೆಲದ ಮೇಲೆ ಹೋಯಿತು. ಕೋಣೆಯ ಬಾಗಿಲು ತೆರೆಯಲಿಲ್ಲ. ನಾನು ಹೊಸ ಕಾಗದ ತೆಗೆದುಕೊಂಡೆ.